ಉಪ್ಪು ಯಾರದು, ನೀರು ಯಾರದು?

ನೀರನ್ನು ಮೆದುಗೊಳಿಸುವ ಯಂತ್ರ ಮನೆಗೆ ಬೇಕೇ, ಬೇಕಾದರೆ ಯಾವುದು ಎನ್ನುವುದು ಮೇಲ್ನೋಟಕ್ಕೆ ನೀತಿಯ ಪ್ರಶ್ನೆಯಲ್ಲ. ಬೆಲೆ, ಗಾತ್ರ, ವಾರಂಟಿ ನೋಡಿ ಮುಗಿಸಬಹುದಾದ ವ್ಯವಹಾರ. ಆದರೆ ನಮ್ಮ ಮನೆ ಇರುವುದು ಆಲೂರಿನಿಂದ ಸಕಲೇಶಪುರಕ್ಕೆ ಹೋಗುವ ಕಡೆಯ ಒಂದು ಗುಡ್ಡದ ಇಳಿಜಾರಿನಲ್ಲಿ. ಇಲ್ಲಿ ಹೆಚ್ಚುಕಡಿಮೆ ಪ್ರತಿ ಮನೆಗೂ ಒಂದು ಮೇಲಿನ ಮನೆ, ಒಂದು ಕೆಳಗಿನ ಮನೆ ಇರುತ್ತದೆ. ಹಾಗಾಗಿ ಇಲ್ಲಿ ಕೊಳ್ಳುವ ಯಂತ್ರದಲ್ಲಿ ಕೆಳಗಿನ ಮನೆಯವರಿಗೂ ಒಂದು ಪಾಲು ಬಂದುಬಿಡುತ್ತದೆ, ಅವರು ಕೇಳದಿದ್ದರೂ.

ಮಲೆನಾಡಿನಲ್ಲಿ ಗಡಸು ನೀರೇ ಎಂದು ನೀವು ಕೇಳಬಹುದು. ಮಳೆನೀರು ಮೆದು. ಅದು ಹಳ್ಳದಲ್ಲೋ ಮೇಲುಸ್ತರದ ತೆರೆದ ಬಾವಿಯಲ್ಲೋ ಬೇಗ ಕೈಗೆ ಸಿಕ್ಕರೆ ಬಹುಮಟ್ಟಿಗೆ ಮೆದುವಾಗಿಯೇ ಉಳಿಯುತ್ತದೆ. ನೂರಾರು ಅಡಿ ಆಳದ ಬೋರ್‌ವೆಲ್ ನೀರಿನ ಕಥೆ ಬೇರೆ. ಅದು ಬಂಡೆಯ ಬಿರುಕುಗಳಲ್ಲಿ ಬಹುಕಾಲ ಕೂತು ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡಿರುತ್ತದೆ. ನಮ್ಮ ಬೋರ್‌ವೆಲ್ಲಿನ ನೀರನ್ನು ಪರೀಕ್ಷೆಗೆ ಕೊಟ್ಟಾಗ ಗಡಸುತನ ಲೀಟರಿಗೆ 310 ಮಿಲಿಗ್ರಾಂ ಎಂದು ಬಂತು. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಅಪೇಕ್ಷಿತ ಮಿತಿ 200. ಬೇರೆ ಮೂಲವಿಲ್ಲದಿದ್ದರೆ 600ರವರೆಗೂ ನಡೆಯುತ್ತದೆ. ಅಂದರೆ ನಮ್ಮ ನೀರು ವಿಷವಲ್ಲ. ಬೇಳೆ ಬೇಯುವುದಿಲ್ಲ, ಸೋಪು ನೊರೆ ಕೊಡುವುದಿಲ್ಲ, ಗೀಸರಿನ ಕಾಯಿಲ್ ಮೇಲೆ ಬಿಳಿ ಹಕ್ಕಳೆ ಕಟ್ಟುತ್ತದೆ, ಅಷ್ಟೇ.

ಯಂತ್ರದ ಕೆಲಸ ಸರಳ. ಸಿಲಿಂಡರಿನೊಳಗೆ ರೆಸಿನ್ ಎಂಬ ಸಣ್ಣ ಮಣಿಗಳಿರುತ್ತವೆ. ಅವು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. ಮಣಿಗಳು ತುಂಬಿದ ಮೇಲೆ ಉಪ್ಪುನೀರು ಹಾಯಿಸಿ ತೊಳೆಯಬೇಕು. ಆ ತೊಳೆದ ನೀರು, ಹಿಡಿದಿಟ್ಟ ಗಡಸುತನವನ್ನೂ ಉಪ್ಪಿನ ಕ್ಲೋರೈಡನ್ನೂ ಹೊತ್ತು ಚರಂಡಿಗೆ ಹೋಗುತ್ತದೆ. ಗಡಸುತನ ಎಲ್ಲೂ ಮಾಯವಾಗುವುದಿಲ್ಲ. ನಮ್ಮ ನಲ್ಲಿಯಿಂದ ಎದ್ದು ಬೇರೆ ಕಡೆ ಹೋಗಿ ಕೂರುತ್ತದೆ, ಜೊತೆಗೆ ಉಪ್ಪನ್ನೂ ಕರೆದುಕೊಂಡು.

ಎಷ್ಟು ಉಪ್ಪು ಎಂದು ಲೆಕ್ಕ ಹಾಕಿದೆ. ದಿನಕ್ಕೆ 500 ಲೀಟರ್ ಬಳಸುವ ನಮ್ಮ ಮನೆಯ ಅಷ್ಟೂ ನೀರನ್ನು ಮೆದು ಮಾಡಿದರೆ ತಿಂಗಳಿಗೆ ಸುಮಾರು 15 ಕೆ.ಜಿ. ಅದರಲ್ಲಿ 9 ಕೆ.ಜಿ.ಯಷ್ಟು ಕ್ಲೋರೈಡ್. ಕುಡಿಯುವ ನೀರಿನಲ್ಲಿ ಕ್ಲೋರೈಡಿನ ಅಪೇಕ್ಷಿತ ಮಿತಿ ಲೀಟರಿಗೆ 250 ಮಿಲಿಗ್ರಾಂ. ಹಾಗಾದರೆ ನಮ್ಮ ಒಂದು ತಿಂಗಳ ಸುಖ, ಕ್ಲೋರೈಡೇ ಇಲ್ಲದ 36 ಸಾವಿರ ಲೀಟರ್ ನೀರನ್ನು ಆ ಮಿತಿಯ ಅಂಚಿಗೆ ತಂದು ನಿಲ್ಲಿಸಬಲ್ಲದು. ನಮ್ಮ ಚರಂಡಿ ಇಳಿಯುವುದು ಕೆಳಗಿನ ಮನೆಯ ತೆರೆದ ಬಾವಿಯ ದಿಕ್ಕಿಗೆ. ನಮ್ಮದೇ ಜಾಗದಲ್ಲಿ ಗುಂಡಿ ತೋಡಿ ಬಿಟ್ಟರೂ ಅಷ್ಟೇ, ಮಣ್ಣಿಗೆ ಬೇಲಿ ಗೊತ್ತಿಲ್ಲ.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತದೆ ನಮ್ಮ ಗಾದೆ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತದೆ ಇನ್ನೊಂದು. ಎರಡೂ ಸಮತಟ್ಟು ನೆಲದ ಮಾತುಗಳು. ಮಾಡಿದವನ ಬಳಿಗೇ ಫಲ ತಿರುಗಿ ಬರುತ್ತದೆ ಎಂಬ ನಂಬಿಕೆ ಅವುಗಳ ಬೆನ್ನೆಲುಬು. ಇಳಿಜಾರಿನಲ್ಲಿ ಉಪ್ಪು ತಿನ್ನುವವನೊಬ್ಬ, ನೀರು ಕುಡಿಯುವವನೊಬ್ಬ. ಕೆಳಗಿನವರು ಎಷ್ಟೇ ಸಿಟ್ಟಾದರೂ ಅವರ ಚರಂಡಿ ನಮ್ಮ ಬಾವಿಗೆ ಹತ್ತಿ ಬರಲಾರದು. ತಿರುಗಿ ಬರುವ ಭಯವೇ ಇಲ್ಲದ ಕಡೆ ನ್ಯಾಯವಾಗಿ ನಡೆದುಕೊಳ್ಳಲು ನಮಗೆ ಯಾವ ಕಾರಣ ಉಳಿಯುತ್ತದೆ?

ಈ ಪ್ರಶ್ನೆ ನಮ್ಮ ಸೀಮೆಗೆ ಹೊಸದೂ ಅಲ್ಲ, ಬರೀ ಮನೆಗಳ ನಡುವಿನದೂ ಅಲ್ಲ. ಸಕಲೇಶಪುರದ ಘಟ್ಟದಲ್ಲಿ ಪಶ್ಚಿಮಕ್ಕೆ ಹರಿಯುವ ಹಳ್ಳಗಳನ್ನು ಪೂರ್ವಕ್ಕೆ ತಿರುಗಿಸುವ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರಲ್ಲಿ ಉದ್ಘಾಟನೆಯಾಯಿತು. ನೇತ್ರಾವತಿ ಬಡವಾಗುತ್ತಾಳೆ ಎಂದು ಕರಾವಳಿಯವರು ವರ್ಷಗಟ್ಟಲೆ ವಿರೋಧಿಸಿದರು. ಕೋಲಾರ, ಚಿಕ್ಕಬಳ್ಳಾಪುರದ ಬಾಯಾರಿಕೆಯೂ ಸುಳ್ಳಲ್ಲ. ಅಲ್ಲಿಯ ತಕ್ಕಡಿ ಬಹಳ ದೊಡ್ಡದು. ಆದರೆ ಮೇಲಿರುವವರು ಕೆಳಗಿರುವವರನ್ನು ಕೇಳಬೇಕೇ ಎಂಬ ಪ್ರಶ್ನೆ ಮಾತ್ರ ನನ್ನ ಚರಂಡಿಯದೇ.

ಹಾಗಾದರೆ ಯಂತ್ರವೇ ಬೇಡ ಎಂದುಬಿಡಬಹುದಲ್ಲ? ಅದೂ ಅಷ್ಟು ಶುದ್ಧವಾದ ತೀರ್ಮಾನವಲ್ಲ. ಗಡಸು ನೀರಿಗೆ ಸೋಪು ಹೆಚ್ಚು ಬೇಕು, ಆ ಸೋಪೂ ಕೆಳಗೇ ಇಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಆ ನೀರಿನ ಜೊತೆ ದಿನವಿಡೀ ಗುದ್ದಾಡುವುದು ನಾನಲ್ಲ. ನಮ್ಮ ಮನೆಯಲ್ಲಿ ಬಟ್ಟೆ ಒಗೆಯುವವಳ ಕೈ ಒಡೆದಿದೆ, ಬೇಳೆ ಬೇಯುವುದನ್ನು ಕಾಯುವವಳು ಅಮ್ಮ. ಪುಸ್ತಕ ಓದುತ್ತಾ ಕೂತವನು ಹಳ್ಳದ ಮೇಲಿನ ಪ್ರೀತಿಯಿಂದ ಯಂತ್ರ ಬೇಡ ಎಂದರೆ ಆ ಪ್ರೀತಿಯ ಬೆಲೆ ತೆರುವವರು ಈ ಇಬ್ಬರು. ಇಳಿಜಾರು ಮನೆಯ ಹೊರಗೆ ಮಾತ್ರ ಇರುವುದಿಲ್ಲ.

ಹೀಗಾಗಿ ಕಡಿಮೆ ಮಾಡುವುದು ಹೇಗೆ ಎಂದು ನೋಡಿದೆ. ಒಂದು ಚದರ ಮೀಟರ್ ಸೂರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ 100 ಚದರ ಮೀಟರ್ ಸೂರಿಗೆ 10 ಮಿಲಿಮೀಟರಿನ ಒಂದು ಮಳೆ ಬಂದರೆ ಸಾವಿರ ಲೀಟರಿನಷ್ಟು ಮೆದು ನೀರು ಪುಕ್ಕಟೆ. ಮಳೆಗಾಲದಲ್ಲಿ ಯಂತ್ರ ಮುಟ್ಟಬೇಕಾಗಿಯೇ ಇಲ್ಲ. ಉಳಿದ ತಿಂಗಳಲ್ಲೂ ತೋಟಕ್ಕೆ, ಶೌಚಾಲಯಕ್ಕೆ ಮೆದು ನೀರೇಕೆ? ಅಡುಗೆ, ಬಟ್ಟೆ, ಗೀಸರಿಗೆ ಮಾತ್ರವಾದರೆ 200 ಲೀಟರ್ ಸಾಕು, ಉಪ್ಪು ತಿಂಗಳಿಗೆ 6 ಕೆ.ಜಿ.ಗೆ ಇಳಿಯುತ್ತದೆ. ಗಡಿಯಾರದ ಪ್ರಕಾರ ತೊಳೆದುಕೊಳ್ಳುವ ಯಂತ್ರಕ್ಕಿಂತ, ಬಳಸಿದ ನೀರನ್ನು ಅಳೆದು ತೊಳೆದುಕೊಳ್ಳುವುದು ಮೇಲು.

ಈ ಲೆಕ್ಕ ಹಿಡಿದು ಕೆಳಗಿನ ಮನೆಗೆ ಹೋದೆ. ಅಲ್ಲಿಯ ಹಿರಿಯರು ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಕೇಳಿದರು: “ಬೇಸ್ಗೇಲೂ ಇಷ್ಟೇ ಉಪ್ಪು ಬಿಡ್ತೀಯೇನಪ್ಪಾ?”

ನನ್ನ ಕಾಗದದಲ್ಲಿ ತಿಂಗಳುಗಳೆಲ್ಲ ಒಂದೇ ಆಗಿದ್ದವು. ಅವರ ಬಾವಿಯಲ್ಲಿ ಹಾಗಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ನೀರು ತಳ ಸೇರಿರುತ್ತದೆ, ಉಪ್ಪನ್ನು ತೆಳುವಾಗಿಸಲು ಏನೂ ಉಳಿದಿರುವುದಿಲ್ಲ. ನಮಗೆ ಯಂತ್ರ ಹೆಚ್ಚು ಬೇಕಾಗುವ ಕಾಲವೂ ಅದೇ. ಯಾವ ಮಾರಾಟದ ಕೈಪಿಡಿಯಲ್ಲೂ ಈ ವಿಷಯ ಇರುವುದಿಲ್ಲ, ಕೆಳಗೆ ಬದುಕುವವರಿಗೆ ಮಾತ್ರ ಗೊತ್ತಿರುತ್ತದೆ. ಕೇಳುವುದು ಸೌಜನ್ಯವಷ್ಟೇ ಅಲ್ಲ, ತಿಳಿದುಕೊಳ್ಳುವ ದಾರಿಯೂ ಹೌದು ಎನ್ನುವುದು ಇದಕ್ಕೇ.

ಕೊನೆಗೆ ಚಿಕ್ಕ ಯಂತ್ರವನ್ನೇ ತಂದೆವು. ಒಪ್ಪಂದ ಇಷ್ಟು: ಬೇಸಿಗೆಯಲ್ಲಿ ತೊಳೆದ ಉಪ್ಪುನೀರು ಚರಂಡಿಗೆ ಹೋಗಕೂಡದು, ಅಗಲವಾದ ತೊಟ್ಟಿಯಲ್ಲಿ ಬಿಸಿಲಿಗೆ ಒಣಗಿಸಿ, ಉಳಿದ ಉಪ್ಪನ್ನು ಮಳೆಗೆ ಸಿಗದಂತೆ ಚೀಲದಲ್ಲಿಡಬೇಕು. ಬೇಸಿಗೆಗೆ ಮೊದಲೊಮ್ಮೆ, ಆಮೇಲೊಮ್ಮೆ ಅವರ ಬಾವಿಯ ನೀರಿನ ಪರೀಕ್ಷೆ, ಖರ್ಚು ನಮ್ಮದು. ಕ್ಲೋರೈಡ್ ಏರಿದ್ದು ಕಂಡರೆ ಯಂತ್ರ ನಿಲ್ಲಿಸಬೇಕು. ಇದನ್ನು ಮುರಿದರೆ ನಮಗೆ ಶಿಕ್ಷೆ ಕೊಡುವವರಿಲ್ಲ. ನೀರು ಮೇಲಕ್ಕೆ ಹರಿಯುವುದಿಲ್ಲ, ನಿಜ. ಆದರೆ ಬಾವಿಯ ಪರೀಕ್ಷೆಯ ಚೀಟಿ ವರ್ಷಕ್ಕೆರಡು ಸಲ ಗುಡ್ಡ ಹತ್ತಿ ನಮ್ಮ ಮನೆಗೆ ಬರುತ್ತದೆ. ತಾನಾಗಿ ತಿರುಗಿ ಬಾರದ್ದನ್ನು ನಾವೇ ಕರೆಸಿಕೊಳ್ಳುವ ಒಂದು ಏರ್ಪಾಡು ಅದು.