ಬಕ್ಷಿಯ ಕರ್ಮವಿಚಾರ

ಬ್ಲೇಕ್ ಎಡ್ವರ್ಡ್ಸ್ 1968ರಲ್ಲಿ ನಿರ್ದೇಶಿಸಿದ ‘ದಿ ಪಾರ್ಟಿ’ ಎಂಬ ಹಾಸ್ಯಚಿತ್ರದಲ್ಲಿ ಹ್ರುಂಡಿ ಬಕ್ಷಿಯೆಂಬ ಭಾರತೀಯ ನಟನೊಬ್ಬನು, ಪಾದರಕ್ಷೆಯನ್ನು ಬಿಗಿದುಕೊಳ್ಳಲೆಂದು ಸಿಡಿಮದ್ದಿನ ಯಂತ್ರದ ಮೇಲೆ ಕಾಲಿರಿಸಿ, ಚಿತ್ರೀಕರಣಕ್ಕೆಂದು ಕಟ್ಟಿದ್ದ ಕೋಟೆಯನ್ನು ಅಕಾಲದಲ್ಲಿ ಹಾರಿಸಿಬಿಡುತ್ತಾನೆ. ಇವನಿಗೆ ಇನ್ನೆಂದೂ ಕೆಲಸ ದೊರೆಯಕೂಡದೆಂದು ಸ್ಟುಡಿಯೋದ ಒಡೆಯನು ಕ್ರೋಧದಿಂದ ಗೀಚಿಟ್ಟ ಹೆಸರು ಅವನದೇ ಮನೆಯ ಔತಣದ ಪಟ್ಟಿಯಲ್ಲಿ ಸೇರಿಹೋಗಿ, ಬಹಿಷ್ಕಾರವೇ ಆಮಂತ್ರಣವಾಗಿ ಪರಿಣಮಿಸುತ್ತದೆ.

ಇಂಥವನನ್ನು ದೋಷಿಯೆನ್ನಬಹುದೆ? ಚೇತನೆಯೇ, ಎಂದರೆ ಸಂಕಲ್ಪವೇ, ಕರ್ಮವೆನ್ನುವ ಬೌದ್ಧರ ನ್ಯಾಯದಲ್ಲಿ ಅವನು ಶುದ್ಧನೇ ಸರಿ. ಜೈನಾಚಾರ್ಯ ಉಮಾಸ್ವಾತಿಯ ತತ್ತ್ವಾರ್ಥಸೂತ್ರವಾದರೋ ಪ್ರಮಾದದಿಂದ ಒದಗುವ ಪ್ರಾಣಹಾನಿಯನ್ನು ಹಿಂಸೆಯೆಂದು ಕರೆಯುವುದರಿಂದ, ಅಲ್ಲಿ ಎಚ್ಚರ ತಪ್ಪುವುದೂ ವಿಚಾರಣೆಗೆ ಒಳಗಾಗುತ್ತದೆ. ನನಗೆ ಈ ಎರಡನೆಯದೇ ಹೆಚ್ಚು ಸೂಕ್ಷ್ಮವೆಂದು ತೋರುತ್ತದೆ. ಆದರೂ ಬಕ್ಷಿ ಅದಕ್ಕೆ ಸುಲಭವಾಗಿ ಸಿಕ್ಕುವವನಲ್ಲ. ಔತಣದ ಮನೆಯೊಳಗೇ ಹರಿಯುವ ನೀರಿನಲ್ಲಿ ಕೊಳೆಯಾದ ಬೂಟನ್ನು ತೊಳೆಯಹೋಗಿ, ಅದು ಕೈತಪ್ಪಿ ತೇಲಿಹೋಗಲು, ಒಂಟಿ ಬೂಟಿನಲ್ಲಿಯೇ ಗಾಂಭೀರ್ಯವನ್ನು ಕಾಪಾಡಿಕೊಂಡು ಅವನು ಅತಿಥಿಗಳ ನಡುವೆ ಹುಡುಕಾಡುತ್ತಾನೆ. ಕಡೆಗದು ಪರಿಚಾರಕನ ತಟ್ಟೆಯಲ್ಲಿ ತಿನಿಸುಗಳೊಡನೆ ಪ್ರತ್ಯಕ್ಷವಾಗುತ್ತದೆ. ಅವನಲ್ಲಿರುವುದು ಅಲಕ್ಷ್ಯವಲ್ಲ, ಅತಿಜಾಗ್ರತೆ. ಅನರ್ಥಗಳೆಲ್ಲ ಆ ಜಾಗ್ರತೆಯಿಂದಲೇ ಹುಟ್ಟುತ್ತವೆ. ತರುಣರು ಮೈಮೇಲೆಲ್ಲ ಘೋಷಣೆ ಬರೆದು ಕರೆತಂದ ಆನೆಮರಿಯ ಅವಮಾನವನ್ನು ಸಹಿಸದೆ, ಅದನ್ನು ತೊಳೆಯಿರೆಂದು ಅವನು ಬೇಡಿದ್ದರಿಂದಲೇ ಮನೆಯೆಲ್ಲ ಸಾಬೂನಿನ ನೊರೆಯಲ್ಲಿ ಮುಳುಗುತ್ತದೆ. ಸಂಕಲ್ಪವೂ ಶುದ್ಧ, ಎಚ್ಚರವೂ ಉಂಟು, ಫಲ ಮಾತ್ರ ವಿನಾಶ: ಈ ಮೂರನೆಯ ಬಗೆಯ ಕರ್ಮಕ್ಕೆ ಶಾಸ್ತ್ರಕ್ಕಿಂತ ಪ್ರಹಸನವೇ ತಕ್ಕ ಸ್ಥಾನವೇನೋ.

ಬಕ್ಷಿಯನ್ನು ಹೀಗೆ ಬಿಡುಗಡೆಮಾಡಿದರೂ ಚಿತ್ರವನ್ನು ಬಿಡುವಂತಿಲ್ಲ. ಇಂಗ್ಲಿಷ್ ನಟ ಪೀಟರ್ ಸೆಲ್ಲರ್ಸ್ ಮುಖಕ್ಕೆ ಕಂದುಬಣ್ಣ ಬಳಿದುಕೊಂಡು, ಭಾರತೀಯರ ಉಚ್ಚಾರಣೆಯನ್ನು ನಗೆಪಾಟಲು ಮಾಡಿ ಈ ಪಾತ್ರವನ್ನು ವಹಿಸಿದ್ದು ಆಕಸ್ಮಿಕವೂ ಅಲ್ಲ, ಪ್ರಮಾದವೂ ಅಲ್ಲ; ಅದು ಸಂಕಲ್ಪಪೂರ್ವಕವಾಗಿ ಮಾಡಿದ ಕಾರ್ಯ, ಅದರ ದೋಷ ಮಾಡಿದವರದೇ.