ಪರದೆ ಬಿದ್ದ ಮೇಲೆ

ಪದವಿ ಕಾಲೇಜಿನಲ್ಲಿ ಟೆನೆಸ್ಸೀ ವಿಲಿಯಮ್ಸ್‌ನ ‘ದಿ ಗ್ಲಾಸ್ ಮೆನಾಜರಿ’ ನಾಟಕವನ್ನು ಬಹಳ ವರ್ಷ ಪಾಠ ಮಾಡಿದೆ. ಅದರ ತಾಯಿ ಅಮಾಂಡಾ ಗಂಡ ಬಿಟ್ಟುಹೋದವಳು. ಕಾಲು ಊನವಾದ ಮಗಳಿಗೊಂದು ದಾರಿ ಮಾಡಲು ಪರಿಚಯದವರಿಗೆಲ್ಲ ಫೋನ್ ಮಾಡಿ ಪತ್ರಿಕೆಯ ಚಂದಾ ಕೇಳುತ್ತಾಳೆ. ಆ ಮಾತುಗಳನ್ನು ತರಗತಿಯಲ್ಲಿ ನಾನೇ ಗಟ್ಟಿಯಾಗಿ ಓದುತ್ತಿದ್ದೆ. ನನ್ನಮ್ಮ ತೀರಿಕೊಂಡ ವರ್ಷ ಅಲ್ಲಿಗೆ ಬರುತ್ತಲೇ ಗಂಟಲು ಕಟ್ಟಿತು. ಫೀಸಿಗೆ ಸಾಲ ಕೇಳುವ ಮುಂಚೆ ಪಕ್ಕದ ಮನೆಯವರ ಆರೋಗ್ಯ ವಿಚಾರಿಸುತ್ತ ನಿಲ್ಲುತ್ತಿದ್ದ ಅಮ್ಮನ ದನಿಯೇ ನನ್ನ ಬಾಯಿಂದ ಬಂದಂತಾಯಿತು. ಪುಸ್ತಕ ಮುಚ್ಚಿಬಿಟ್ಟೆ. ಹಾಗೆ ಓದುವುದು ಮತ್ತೆಂದೂ ನನಗೆ ಒದಗಲಿಲ್ಲ.

ಅಳಿಯುವುದೆಲ್ಲ ಮಿಥ್ಯೆ ಎಂದು ಅಪ್ಪ ಹೇಳುತ್ತಿದ್ದರು. ಈ ಮಾತಿನೊಡನೆ ನನ್ನ ಜಗಳ ಶುರುವಾದದ್ದು ಲಾರೆಟ್ ಟೇಲರ್ ಅವರಿಂದ.

1912ರಲ್ಲಿ ‘ಪೆಗ್ ಓ ಮೈ ಹಾರ್ಟ್’ ನಾಟಕದಿಂದ ಬ್ರಾಡ್‌ವೇಯಲ್ಲಿ ಮನೆಮಾತಾದ ನಟಿ ಅವರು. ಆ ನಾಟಕ ಬರೆದ ಪತಿ ಹಾರ್ಟ್ಲಿ ಮ್ಯಾನರ್ಸ್ 1928ರಲ್ಲಿ ತೀರಿಕೊಂಡ ಮೇಲೆ ಕುಡಿತ ಅವರ ಎಷ್ಟೋ ವರ್ಷಗಳನ್ನು ನುಂಗಿತು. 1944ರ ಡಿಸೆಂಬರ್ 26ರಂದು, ಶಿಕಾಗೋದ ಕೊರೆವ ಚಳಿಯಲ್ಲಿ, ಮೊಟ್ಟಮೊದಲ ಅಮಾಂಡಾ ಆಗಿ ರಂಗಕ್ಕೆ ಬಂದರು. ಜನ ಹೆಚ್ಚು ಬರಲಿಲ್ಲ. ಕ್ಲಾಡಿಯಾ ಕ್ಯಾಸಿಡಿಯಂಥ ವಿಮರ್ಶಕರು ಪಟ್ಟುಹಿಡಿದು ಬರೆದು ನಾಟಕವನ್ನು ಉಳಿಸಿದರು. 1945ರ ಮಾರ್ಚ್ 31ರಂದು ನ್ಯೂಯಾರ್ಕಿನ ಮೊದಲ ಪ್ರದರ್ಶನ. ಅಂದು ಅವರಿಗೆ ಮೈ ಸರಿಯಿರಲಿಲ್ಲ. ಸೈಡ್‌ವಿಂಗಿನಲ್ಲಿ ಒಂದು ಬಕೆಟ್ ಇಟ್ಟಿದ್ದರಂತೆ. ಅಲ್ಲಿ ವಾಂತಿ ಮಾಡಿ, ಬಾಯೊರೆಸಿಕೊಂಡು, ಮತ್ತೆ ಬೆಳಕಿಗೆ ಬಂದು ಅಮಾಂಡಾ ಆಗುತ್ತಿದ್ದರಂತೆ. 1946ರ ಡಿಸೆಂಬರ್ 7ರಂದು ತೀರಿಕೊಂಡರು.

ಆ ಅಮಾಂಡಾಳನ್ನು ಯಾರೂ ಚಿತ್ರೀಕರಿಸಲಿಲ್ಲ. ಲಾರೆಟ್ ಅವರ ಕೆಲವು ಮೂಕಿ ಚಿತ್ರಗಳು, 1938ರಲ್ಲಿ ಸಿನಿಮಾ ಪಾತ್ರವೊಂದರ ಆಯ್ಕೆಗೆಂದು ತೆಗೆದ ಒಂದು ಸಣ್ಣ ತುಣುಕು ಇವೆ, ಅಷ್ಟೆ. ಹಾಗಾದರೆ ಆ ರಾತ್ರಿ ಮಿಥ್ಯೆಯೇ?

ವಿಲಿಯಮ್ಸ್ ಅಮಾಂಡಾಳನ್ನು ಕಡೆದದ್ದು ತನ್ನ ತಾಯಿ ಎಡ್ವಿನಾಳಿಂದ. ಆ ತಾಯಿ ಶಿಕಾಗೋದಲ್ಲಿ ಸಭಿಕರ ನಡುವೆ ಕೂತು ತನ್ನ ಬದುಕನ್ನು ಇನ್ನೊಬ್ಬಳ ಮೈಯಲ್ಲಿ ಕಂಡಳು. ನಾಟಕ ಗೆದ್ದಿತು. ಮಗ ಅದರ ಗೌರವಧನದಲ್ಲಿ ಅರ್ಧವನ್ನು ಅವಳ ಹೆಸರಿಗೆ ಬರೆದುಕೊಟ್ಟ. ಆ ದುಡ್ಡಿನ ಆಸರೆಯಿಂದ ಅವಳು ನೆಮ್ಮದಿಗೆಟ್ಟ ದಾಂಪತ್ಯದಿಂದ ಹೊರಬಂದಳು. ಅಭಿನಯ ಕರಗಿತು, ಹೆಂಗಸೊಬ್ಬಳ ಬದುಕು ಬದಲಾಯಿತು. ಅದನ್ನು ಮಿಥ್ಯೆ ಎನ್ನಲು ನನ್ನಿಂದಾಗದು. ಉಳಿಯುವುದೊಂದೇ ಸತ್ಯದ ಗುರುತಲ್ಲ. ಮುಟ್ಟುವುದೂ ಸತ್ಯದ ಗುರುತೇ. ಉಳಿಯದು ಎಂದು ತಿಳಿದೂ ಏನನ್ನೂ ಬಚ್ಚಿಟ್ಟುಕೊಳ್ಳದೆ ಕೊಡುವುದನ್ನು ನಾನು ಪೂಜೆ ಎನ್ನುತ್ತೇನೆ.

ಹೋದ ವರ್ಷ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಿಕ್ಕಿದ್ದಳು. ನಾಟಕದ ಕತೆ ಅವಳಿಗೆ ಮರೆತೇಹೋಗಿತ್ತು. “ಮೇಡಂ, ನೀವು ಅವತ್ತು ಪುಸ್ತಕ ಮುಚ್ಚಿದ್ರಲ್ಲ, ಸಾಯಂಕಾಲವೇ ಹಾಸ್ಟೆಲಿಂದ ಹೊರಟು ಊರಿನ ಬಸ್ ಹತ್ತಿದೆ. ಅಮ್ಮನ ಹತ್ರ ಮಾತು ಬಿಟ್ಟು ಎರಡು ತಿಂಗಳಾಗಿತ್ತು” ಎಂದಳು.