ಮುಟ್ಟದ ಓಲೆ

ಸಂಕ್ರಾಂತಿಯ ಮೈಲಾಪುರ ಮಲ್ಲಯ್ಯನ ಜಾತ್ರೆ ಮುಗಿಸಿ, ಭೀಮೆಯ ಸೇತುವೆ ದಾಟಿ ಶಹಾಪುರಕ್ಕೆ ಬಂದಾಗ ಕತ್ತಲಾಗಿತ್ತು. ಬಜಾರಿನ ಅಂಗಡಿಯೊಂದರಲ್ಲಿ ಐನೂರರ ನೋಟು ಕೊಟ್ಟೆ. ಅಂಗಡಿಯವರು ಅದನ್ನು ಖೋಟಾ ನೋಟು ಹಿಡಿಯುವ ನೇರಳೆ ದೀಪದ ಕೆಳಗೆ ಹಿಡಿದರು. ನೋಟಿನ ಜೊತೆ ನನ್ನ ಅಂಗಿಯ ತೋಳೂ ಆ ಬೆಳಕಿಗೆ ಸಿಕ್ಕಿತು. ತೋಳಿಗಂಟಿದ್ದ ಭಂಡಾರದ ಅರಿಶಿನ ಹಸಿರು ಬೆರೆತ ಹಳದಿಯಾಗಿ ಹೊಳೆಯಿತು.

“ಮಲ್ಲಯ್ಯನ ಭಂಡಾರ ಹೆಂಗ ಹೊಳ್ಯಾಕತ್ತದ ನೋಡ್ರಿ ಸರ!” ಎಂದು ಅವರು ನೋಟು ಮರೆತೇ ನಿಂತರು.

ಅರಿಶಿನದ ಕರ್ಕ್ಯುಮಿನ್, ಕಣ್ಣಿಗೆ ಕಾಣದ ಅತಿನೇರಳೆ ಕಿರಣವನ್ನು ಹೀರಿ ಕಾಣುವ ಬೆಳಕಾಗಿ ಮರಳಿಸುತ್ತದೆ. ವಿಜ್ಞಾನ ಇದನ್ನು ಪ್ರತಿದೀಪ್ತಿ ಎನ್ನುತ್ತದೆ. ಭಂಡಾರಕ್ಕೆ ಭೇದವಿಲ್ಲ, ಎರಚಿದರೆ ಎಲ್ಲರ ಮೈಮೇಲೂ ಬೀಳುತ್ತದೆ. ಆ ಜನಜಂಗುಳಿಯಲ್ಲಿ ಒಬ್ಬನನ್ನೇ ಹುಡುಕಿ, ಅವನ ಮೇಲಷ್ಟೇ ಬೀಳುವ ಭಂಡಾರವಿದ್ದರೆ?

ಅಂಥದೊಂದನ್ನು 1941ರಲ್ಲಿ ಹಾರ್ವರ್ಡಿನ ಆಲ್ಬರ್ಟ್ ಕೂನ್ಸ್ ಮತ್ತು ಸಂಗಡಿಗರು ಮಾಡಿದರು. ರೋಗದೊಡನೆ ಸೆಣಸಲು ಮೈ ತಯಾರಿಸುವ ಪ್ರತಿಕಾಯಕ್ಕೆ ತನ್ನ ಗುರಿಯ ಗುರುತು ಚೆನ್ನಾಗಿ ಗೊತ್ತು. ಅದರ ಬೆನ್ನಿಗೆ ಹೊಳೆಯುವ ಬಣ್ಣ ಕಟ್ಟಿದರು. ಮೊದಲು ಕಟ್ಟಿದ ಬಣ್ಣ ನೀಲಿಯಾಗಿ ಹೊಳೆಯುತ್ತಿತ್ತು, ಅಂಗಾಂಶದ ಸ್ವಂತ ನೀಲಿ ಮಿನುಗಿನಲ್ಲಿ ಕಲೆತುಹೋಗುತ್ತಿತ್ತು. ಆಮೇಲೆ ಹಸಿರು ಸೂಸುವ ಫ್ಲೋರೆಸೀನ್ ಕೈಹಿಡಿಯಿತು. ಜರ್ಮನಿಯ ಅಡಾಲ್ಫ್ ಫಾನ್ ಬೇಯರ್ 1871ರಲ್ಲೇ ತಯಾರಿಸಿದ್ದ ಬಣ್ಣವದು.

ಇಂದು ಹೀಗೆ ಹುಡುಕಿಸಿಕೊಳ್ಳುವವುಗಳಲ್ಲಿ ಒಂದು, ಇಂಟರ್‌ಫೆರಾನ್ ಗಾಮಾ ಎಂಬ ಪ್ರೋಟೀನು. ರಕ್ಷಣೆಗೆ ನಿಂತ ಕೋಶಗಳು ಒಂದಕ್ಕೊಂದು ಬರೆಯುವ ಓಲೆ. ಟಿ ಕೋಶ ಇದನ್ನು ಕಳಿಸಿದರೆ, ಕ್ಷಯದ ರೋಗಾಣುವನ್ನು ನುಂಗಿಯೂ ಅರಗಿಸಲಾರದೆ ಕುಳಿತ ಭಕ್ಷಕ ಕೋಶ ಕೆಲಸಕ್ಕೆ ಏಳುತ್ತದೆ. ಓಲೆಯ ತೂಕ ಸುಮಾರು 17 ಸಾವಿರ ಡಾಲ್ಟನ್, ಅದನ್ನು ಹುಡುಕಿ ಹೊರಟ ಪ್ರತಿಕಾಯದ್ದು ಸುಮಾರು ಒಂದೂವರೆ ಲಕ್ಷ. ಓಲೆಗಿಂತ ಓಲೆ ಹುಡುಕುವವನೇ ಎಂಟೊಂಬತ್ತು ಪಾಲು ದೊಡ್ಡವನು!

ಆದರೆ ಓಲೆ ಬರೆದ ಕೈಯಲ್ಲಿ ನಿಲ್ಲುವುದಿಲ್ಲ, ಸಿದ್ಧವಾಗುತ್ತಲೇ ಹೊರಟುಬಿಡುತ್ತದೆ. ಯಾವ ಕೋಶ ಬರೆಯಿತೆಂದು ತಿಳಿಯಬೇಕಾದರೆ ಒಳಗೇ ತಡೆಯಬೇಕು. ಅದಕ್ಕೆ ಶಿಲೀಂಧ್ರದಿಂದ ಬಂದ ಬ್ರೆಫೆಲ್ಡಿನ್ ಹಾಕಿ ಕೋಶದೊಳಗಿನ ಸಾಗಣೆ ನಿಲ್ಲಿಸುತ್ತಾರೆ. ಟಪಾಲು ಅಂಚೆಮನೆಯಲ್ಲೇ ರಾಶಿ ಬೀಳುತ್ತದೆ. ಫಾರ್ಮಾಲ್ಡಿಹೈಡ್‌ನಿಂದ ಕೋಶವನ್ನು ಇದ್ದಂತೆಯೇ ಗಟ್ಟಿಗೊಳಿಸುತ್ತಾರೆ. ಅದರ ಜೀವ ಅಲ್ಲಿಗೆ ಮುಗಿಯಿತು. ಪೊರೆಯಲ್ಲಿ ಕಿಂಡಿ ಕೊರೆಯಲು ಸಪೋನಿನ್. ನಮ್ಮ ಅಂಟುವಾಳದ ಕಾಯಿ ನೊರೆ ಬಿಡುವುದೂ ಇದೇ ಜಾತಿಯ ವಸ್ತುವಿನಿಂದ. ಕಿಂಡಿಯೊಳಗೆ ದೀಪ ಹೊತ್ತ ಪ್ರತಿಕಾಯ ಇಳಿಯುತ್ತದೆ. ಆಮೇಲೆ ಕೋಶಗಳನ್ನು ಒಂದರ ಹಿಂದೊಂದು ನೀಲಿ ಲೇಸರಿನ ಮುಂದೆ ಹರಿಸುತ್ತಾರೆ. ಸೆಕೆಂಡಿಗೆ ಸಾವಿರಾರು ಕೋಶ ಹಾಯುತ್ತವೆ, ಓಲೆಯುಳ್ಳವು ಹಸಿರಾಗಿ ಮಿನುಗುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದಲ್ಲೂ (ಎನ್‌ಸಿಬಿಎಸ್) ಇಂಥ ಯಂತ್ರಗಳಿವೆ.

ನನ್ನ ಬೆರಗು ಇಲ್ಲಿ ಬಂದು ನಿಲ್ಲುತ್ತದೆ. ಹಾಗೆ ಮಿನುಗಿದ ಒಂದೊಂದು ಓಲೆಯೂ ಯಾರಿಗೂ ಮುಟ್ಟದ ಓಲೆ. ಮುಟ್ಟಿದ್ದರೆ ಆ ಕೋಶದಲ್ಲಿ ಅದು ಕಾಣುತ್ತಲೇ ಇರಲಿಲ್ಲ. ಶರಣರ ಈ ಸೀಮೆಯಲ್ಲಿ ಜಂಗಮ ಎಂಬ ಮಾತು ಹೊಸತಲ್ಲ. ಸದಾ ನಡೆಯುವುದನ್ನು ನೋಡಬೇಕೆಂದು ಹಟ ಹಿಡಿದರೆ ಕಣ್ಣಿಗೆ ಸಿಗುವುದು ಅದು ನಿಂತುಹೋದ ಜಾಗ ಮಾತ್ರ. ಹಾಗೆಂದು ಈ ನೋಟ ಸುಳ್ಳಲ್ಲ. ಮುಟ್ಟದ ಓಲೆಯನ್ನು ಓದಿಯೇ ಮುಟ್ಟಿದ್ದವುಗಳ ಲೆಕ್ಕ ಹಿಡಿಯಬೇಕು.

ಮರುದಿನ ಅಂಗಿ ನೆನೆಹಾಕಲು ಹೋದೆ. ಅವ್ವ ತಡೆದಳು: “ಸಾಬಾಣ ಹಚ್ಚಬ್ಯಾಡೋ, ಕೆಂಪಾಗ್ತದ. ಬಿಸಿಲಿಗಿ ಹಾಕು, ತಾನೇ ಹೋಗ್ತದ.” ಅವ್ವ ನೆಚ್ಚಿದ ಈ ಬೆಳಕಿಗೇ ಪ್ರಯೋಗಾಲಯದವರು ಅಂಜುತ್ತಾರೆ. ಬೆಳಕು ತಾಕಿದಷ್ಟೂ ಬಣ್ಣ ಸೋಲುತ್ತದೆಂದು ಆ ಪ್ರತಿಕಾಯದ ಸೀಸೆಯನ್ನು ಕತ್ತಲಲ್ಲಿ, ಫ್ರಿಜ್ಜಿನಲ್ಲಿ ಕಾಯುತ್ತಾರೆ. ಬೆಳಕಿನಿಂದಲೇ ಹೊಳೆಯುವುದು ಬೆಳಕಿನಿಂದಲೇ ಮಾಸುತ್ತದೆ.

ಅಂಗಿ ಹರವಿ ಒಳಗೆ ಬಂದರೆ, ಜಾತ್ರೆ ಸುತ್ತಿ ದಣಿದ ಮೊಮ್ಮಗ ಜ್ವರ ಬಂದು ಮುಲುಗುತ್ತ ಮಲಗಿದ್ದ. ಇಂಥವೇ ಓಲೆಗಳು ಮಿದುಳಿಗೆ ಸುದ್ದಿ ಮುಟ್ಟಿಸಿದಾಗ ಜ್ವರ ಏರುತ್ತದೆ. ಲೇಸರಿಲ್ಲ, ಬಣ್ಣವಿಲ್ಲ, ಮೈಯೊಳಗಿನ ಕತ್ತಲಲ್ಲೇ ಎಲ್ಲ ನಡೆದುಹೋಗಿತ್ತು. ಅವ್ವ ಅವನ ಹಣೆ ಮುಟ್ಟಿ ನೋಡಿ, ಒದ್ದೆಬಟ್ಟೆ ತರಲು ಎದ್ದಳು.